ಬರೆಯುವ ಮೇಜಿಗೆ ಕರೆಯದೆ ಬಂದವು

ಮಾನ್ಯ ಸಂಪಾದಕರಿಗೆ ವಂದನೆಗಳು.

ಕಳೆದ ಭಾನುವಾರದ ಪುರವಣಿಯಲ್ಲಿ ಲೇಖಕರು ಮತ್ತು ಅವರ ಸಾಕುಪ್ರಾಣಿಗಳ ಕುರಿತು ತಾವು ಪ್ರಕಟಿಸಿದ ಚಿತ್ರಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಸೊಗಸಾಗಿದ್ದವು. ಆದರೆ ಪ್ರತಿಯೊಂದರ ಕೆಳಗೂ ‘ಸ್ಫೂರ್ತಿ’ ಎಂಬ ಒಂದೇ ಮಾತು ಬಂದಿದ್ದು, ನಾಯಿ ಬೆಕ್ಕುಗಳು ಕಾದಂಬರಿಕಾರರ ಮನೆಯಲ್ಲಿ ನಿಜವಾಗಿ ಮಾಡುವ ಕೆಲಸವನ್ನು ಆ ಮಾತು ಮರೆಮಾಡುತ್ತದೆ ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನನಗೆ ತಿಳಿದಮಟ್ಟಿಗೆ ಅವು ಮೊದಲು ಮಾಡುವುದು ಅಡ್ಡಿ. ಬರಹಕ್ಕೆ ಒದಗುವುದೂ ಬಹುಮಟ್ಟಿಗೆ ಆ ಅಡ್ಡಿಯೇ.

ಜಪಾನಿನ ನಾತ್ಸುಮೆ ಸೋಸೆಕಿಯವರನ್ನು ನೋಡಬಹುದು. ಲಂಡನ್ನಿನಲ್ಲಿ ಎರಡು ವರ್ಷ ಒಂಟಿಯಾಗಿ ಓದಿ, ಮನಸ್ಸಿನ ನೆಮ್ಮದಿ ಕೆಡಿಸಿಕೊಂಡು 1903ರಲ್ಲಿ ಮರಳಿದ ಅವರು ಟೋಕಿಯೊದಲ್ಲಿ ಅಧ್ಯಾಪಕರಾಗಿದ್ದಾಗ, ಮರುವರ್ಷ ಅವರ ಮನೆಗೆ ಒಂದು ಬೀಡಾಡಿ ಬೆಕ್ಕಿನ ಮರಿ ನುಗ್ಗಿತು. ಅವರ ಪತ್ನಿ ಅದನ್ನು ಹೊರಗೆ ಹಾಕಿದಷ್ಟು ಸಲವೂ ಅದು ಒಳಗೆ ಬರುತ್ತಿತ್ತು. ಅಷ್ಟು ಬರುವುದಾದರೆ ಇರಲಿ ಬಿಡು ಎಂದು ಕೊನೆಗೆ ಸೋಸೆಕಿಯವರೇ ಒಪ್ಪಿದರು. 1905ರ ಜನವರಿಯಲ್ಲಿ ಒಂದು ನಿಯತಕಾಲಿಕಕ್ಕೆಂದು ಅವರು ಬರೆದ, ಬೆಕ್ಕೇ ಕತೆ ಹೇಳುವ ಬರಹವು ಒಂದು ಕಂತಿಗೆ ಮುಗಿಯಬೇಕಾಗಿದ್ದುದು, ಓದುಗರ ಮೆಚ್ಚುಗೆಯಿಂದ ಬೆಳೆಯುತ್ತ ಹೋಗಿ 1906ರ ಹೊತ್ತಿಗೆ ಹನ್ನೊಂದು ಅಧ್ಯಾಯಗಳ ‘ನಾನು ಬೆಕ್ಕು’ ಕಾದಂಬರಿಯಾಯಿತು. ಅದರಲ್ಲಿ ಅಜೀರ್ಣದಿಂದ ನರಳುವ, ಪುಸ್ತಕ ತೆರೆದಿಟ್ಟುಕೊಂಡೇ ನಿದ್ದೆಹೋಗುವ ಮೇಷ್ಟರೊಬ್ಬರನ್ನು ಬೆಕ್ಕು ಕೂತಲ್ಲಿಂದಲೇ ಅಳೆಯುತ್ತದೆ. ಆ ಮೇಷ್ಟರಲ್ಲಿ ಸೋಸೆಕಿಯವರೇ ಇದ್ದಾರೆ. ತನ್ನನ್ನು ತಾನು ನೋಡಿಕೊಂಡು ಬೇಯುತ್ತಿದ್ದ ಮನುಷ್ಯನಿಗೆ ಹೊರಗಿನಿಂದ ತನ್ನನ್ನು ನೋಡುವ ಎರಡು ಕಣ್ಣುಗಳನ್ನು ಆ ಬೆಕ್ಕು ಒದಗಿಸಿತು ಎಂದು ನಾನು ಓದಿಕೊಂಡಿದ್ದೇನೆ. ಕಾದಂಬರಿಯ ಬೆಕ್ಕಿಗೆ ಕೊನೆಯವರೆಗೂ ಹೆಸರಿಲ್ಲ. ಮನೆಯ ಬೆಕ್ಕಿಗೂ ಅವರು ಹೆಸರಿಡಲಿಲ್ಲ. ಆದರೆ 1908ರಲ್ಲಿ ಅದು ಸತ್ತಾಗ ಆಪ್ತರಿಗೆಲ್ಲ ಕಾರ್ಡು ಬರೆದು ಸಾವಿನ ಸುದ್ದಿ ತಿಳಿಸಿದರು, ಹಿತ್ತಲಲ್ಲಿ ಹೂಳಿಸಿ ಅದರ ಗುರುತಿನ ಹಲಗೆಯ ಮೇಲೆ ಒಂದು ಹಾಯ್ಕು ಬರೆದರು.

ನೆರೆಯ ಕೇರಳದ ವೈಕಂ ಮುಹಮ್ಮದ್ ಬಷೀರರ ಮನೆಯಲ್ಲಿ ಅಡ್ಡಿ ಬಂದದ್ದು ಆಡಿನ ರೂಪದಲ್ಲಿ. ಮನಸ್ಸಿನ ಕಾಯಿಲೆಯಿಂದ ಬಳಲಿ ವಿಶ್ರಾಂತಿಗೆಂದು ಹುಟ್ಟೂರಿನ ಮನೆಗೆ ಬಂದ ಲೇಖಕನಿಗೆ ಅಲ್ಲಿ ಸಿಗುವುದು ತಾಯಿ, ತಮ್ಮಂದಿರು, ತಂಗಿಯರು, ಮಕ್ಕಳು, ಕೋಳಿಗಳು, ಇವರೆಲ್ಲರ ನಡುವೆ ತಂಗಿ ಪಾತುಮ್ಮನ ಆಡು. ಅದು ಅವರ ಪ್ರಕಟಿತ ಪುಸ್ತಕಗಳ ಪ್ರತಿಗಳನ್ನೇ ಮೇದುಬಿಡುತ್ತದೆ. 1959ರಲ್ಲಿ ಹೊರಬಂದ ‘ಪಾತುಮ್ಮನ ಆಡು’ ಎಂಬ ಆ ಕೃತಿಯನ್ನು ನಾನು ಪ್ರತಿ ಮಳೆಗಾಲದಲ್ಲೂ ಒಮ್ಮೆ ಓದುತ್ತೇನೆ. ಲೇಖಕನಿಗೆ ಏಕಾಂತವೇ ಎಲ್ಲಕ್ಕಿಂತ ದೊಡ್ಡದು ಎಂದು ನಂಬಿ ವರ್ಷಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡು ಕೂತ ನನ್ನಂಥವಳಿಗೆ ಆ ಆಡು ಬಹಳ ಕಲಿಸಿದೆ. ಅಮೆರಿಕದ ಜಾನ್ ಸ್ಟೈನ್‌ಬೆಕ್ಕರ ನಾಯಿಮರಿ ಟೋಬಿ 1936ರಲ್ಲಿ ಅವರ ಒಂದು ಕಿರುಕಾದಂಬರಿಯ ಅರ್ಧದಷ್ಟು ಹಸ್ತಪ್ರತಿಯನ್ನು ಹರಿದುಹಾಕಿದ್ದರಿಂದ ಎರಡು ತಿಂಗಳ ಕೆಲಸವನ್ನು ಅವರು ಮತ್ತೆ ಮಾಡಬೇಕಾಯಿತು ಎಂಬುದೂ ಈ ಸಾಲಿಗೇ ಸೇರುತ್ತದೆ.

ಆದರೆ ತಮ್ಮ ಲೇಖನದಲ್ಲಿ ಎರಡೇ ಸಾಲಿನಲ್ಲಿ ಮುಗಿದುಹೋದ ಪೂರ್ಣಚಂದ್ರ ತೇಜಸ್ವಿಯವರ ನಾಯಿ ‘ಕಿವಿ’ಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿದೆ. ಕನ್ನಡ ಓದುವ ಮನೆಗಳಲ್ಲಿ ಈ ಸ್ಪಾನಿಯಲ್ ನಾಯಿಯ ಹೆಸರು ಗೊತ್ತಿಲ್ಲದವರು ಕಡಿಮೆ. ‘ಪರಿಸರದ ಕತೆ’ಯ ಕಿವಿಯನ್ನು ಮಕ್ಕಳು ಇಷ್ಟಪಡುತ್ತಾರೆ, ನಾವು ಅಷ್ಟಕ್ಕೇ ತೃಪ್ತರಾಗುತ್ತೇವೆ. 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯಲ್ಲಿಯೂ ಕಿವಿ ಇದೆ ಎಂಬುದನ್ನು, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ತಂಡದಲ್ಲಿ ವಿಜ್ಞಾನಿ ಕರ್ವಾಲೊ, ಮಂದಣ್ಣ, ಪ್ರಭಾಕರ, ಕರಿಯಪ್ಪ ಇವರೊಂದಿಗೆ ಅದೂ ಒಬ್ಬ ಸದಸ್ಯನಂತೆ ನಡೆಯುತ್ತದೆ ಎಂಬುದನ್ನು ನಮ್ಮ ವಿಮರ್ಶೆ ಎಷ್ಟು ಗಮನಿಸಿದೆ? ಆ ಕಾದಂಬರಿಯ ನಿರೂಪಕ ಓದಿದವನು, ತೋಟ ಮಾಡಿ ಬೇಸತ್ತವನು, ಎಲ್ಲಕ್ಕೂ ತನ್ನದೊಂದು ಅಭಿಪ್ರಾಯ ಇಟ್ಟುಕೊಂಡವನು. ಅಂಥವನ ಪಕ್ಕದಲ್ಲಿ, ನೆಲಕ್ಕೆ ಮೂಗು ತಾಗಿಸಿಕೊಂಡು ಪೊದೆಯಿಂದ ಪೊದೆಗೆ ಹೋಗುವ ಜೀವವೊಂದು ಸದಾ ಇದ್ದಾಗ ಅವನ ನೋಟ ತಾನಾಗಿ ಕೆಳಗಿಳಿಯುತ್ತದೆ, ಎಲೆ, ಹುಳು, ಮಣ್ಣುಗಳ ಮಟ್ಟಕ್ಕೆ ಬರುತ್ತದೆ. ಕಾಡಿನಲ್ಲಿ ನಾಯಿಯೊಡನೆ ನಡೆದವರಿಗೆ ಇದು ಗೊತ್ತು: ನಾವು ಹೊರಟ ದಾರಿಯಲ್ಲಿ ನಾವು ಹೋಗುವುದಿಲ್ಲ, ನಾಯಿ ನಿಂತಲ್ಲಿ ನಿಲ್ಲುತ್ತೇವೆ. ತೇಜಸ್ವಿಯವರ ಗದ್ಯಕ್ಕೂ ಅದೇ ನಡಿಗೆ ಇದೆ. ಹೇಳುತ್ತಿದ್ದ ವಿಷಯವನ್ನು ಅಲ್ಲಿಯೇ ಬಿಟ್ಟು ಪಕ್ಕದ ಪೊದೆಗೆ ನುಗ್ಗಿ, ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಮರಳಿ ಬರುವ ಆ ರೀತಿ ಕಿವಿಯೊಡನೆ ತಿರುಗಾಡಿದ ದಿನಗಳಿಂದಲೂ ಬಂದಿರಬೇಕು ಎಂಬುದು ನನ್ನ ನಂಬಿಕೆ.

ಇಷ್ಟು ಖಚಿತವಾಗಿ ಬರೆಯಲು ನನಗೆ ಸ್ವಂತ ಅನುಭವವೊಂದು ಧೈರ್ಯ ಕೊಟ್ಟಿದೆ. ಶರಾವತಿ ಮುಳುಗಡೆಯ ಬಗ್ಗೆ ನಾನೊಂದು ಕಾದಂಬರಿ ಬರೆಯುತ್ತಿದ್ದ ಕಾಲದಲ್ಲಿ ನನ್ನ ಬೆಕ್ಕು ಮುತ್ತಿ ದಿನವೂ ಹಾಳೆಯ ಮೇಲೆಯೇ ಮಲಗುತ್ತಿತ್ತು. ಬರೆದ ವಾಕ್ಯವನ್ನು ಗಟ್ಟಿಯಾಗಿ ಓದಿದರೆ ಕಣ್ಣು ತೆರೆಯದೆ ಒಂದು ಕಿವಿಯನ್ನು ಮಾತ್ರ ನನ್ನ ಕಡೆ ತಿರುಗಿಸುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟಿನ ದಾಖಲೆಗಳು, ಪರಿಹಾರದ ಲೆಕ್ಕಗಳು ಎಲ್ಲ ನನ್ನಲ್ಲಿದ್ದರೂ ಬರೆದದ್ದರಲ್ಲಿ ಉಸಿರಿರಲಿಲ್ಲ. ಒಂದು ಜುಲೈನಲ್ಲಿ ಮುತ್ತಿ ಕಾಣೆಯಾಯಿತು. ಮೂರನೆಯ ದಿನ, ಸುರಿಯುವ ಮಳೆಯಲ್ಲಿ ಟಾರ್ಚ್ ಹಿಡಿದು, ಹತ್ತು ವರ್ಷಗಳಿಂದ ಕಾಲಿಡದ ಹಿಂದಿನ ಕೇರಿಯ ಮನೆಗೆ ಹೋದೆ. ಅಟ್ಟದ ಮೇಲೆ ಒಣ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಬೆಕ್ಕು ಮರಿ ಹಾಕಿ ಮಲಗಿತ್ತು. ಆ ಮನೆಯ ಅಜ್ಜಿ, ‘ಬೆಕ್ಕು ತಪ್ಪಿದ್ದಕ್ಕಾದ್ರೂ ಬಂದ್ಯಲ್ಲ ಮಾರಾಯ್ತಿ’ ಎಂದು ಕಾಫಿ ಕೊಟ್ಟು ಕೂರಿಸಿಕೊಂಡರು. ಅವರು ಮುಳುಗಿದ ಊರಿನವರೇ ಎಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಸಾಮಾನು ಹೇರಿದ ಲಾರಿಯ ಹಿಂದೆ ನಾಯಿ ಓಡಿಬಂದಿತಂತೆ. ಬೆಕ್ಕು ಮಾತ್ರ, ಹಂಚು ತೆಗೆದು ಬರೀ ಪಕಾಸಿ ಉಳಿದಿದ್ದ ಮಾಡಿನ ಮೇಲಿಂದ ಎಷ್ಟು ಕರೆದರೂ ಇಳಿಯಲಿಲ್ಲವಂತೆ. ನೀರು ಅಂಗಳಕ್ಕೆ ಬಂದ ಸುದ್ದಿ ತಿಳಿದಾಗ ಅವರು ಮೊದಲು ಕೇಳಿದ್ದು ಆ ಬೆಕ್ಕನ್ನು. ಮನೆಗೆ ಬಂದವಳು ಅದುವರೆಗೆ ಬರೆದ ಹಾಳೆಗಳನ್ನು ಕಟ್ಟಿ ಒಳಗಿಟ್ಟು, ಆ ಪಕಾಸಿಯಿಂದಲೇ ಕಾದಂಬರಿಯನ್ನು ಹೊಸದಾಗಿ ಆರಂಭಿಸಿದೆ.

ಆದುದರಿಂದ ತಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದೆ ಲೇಖಕರನ್ನು ಸಂದರ್ಶಿಸುವಾಗ ತಮ್ಮ ವರದಿಗಾರರು ‘ನಿಮ್ಮ ನಾಯಿ ನಿಮಗೆ ಸ್ಫೂರ್ತಿಯೇ’ ಎಂದು ಕೇಳುವ ಬದಲು, ಅದು ಯಾವ ಹೊತ್ತಿಗೆ ಎಬ್ಬಿಸುತ್ತದೆ, ಯಾವ ಅಧ್ಯಾಯವನ್ನು ಕೆಡಿಸಿತು, ಎಲ್ಲಿಗೆ ಕರೆದೊಯ್ಯಿತು ಎಂದು ಕೇಳಲಿ. ಇನ್ನೊಂದು ಕೆಲಸ ಇದಕ್ಕಿಂತ ತುರ್ತಿನದು. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ಕಿವಿಯನ್ನು ಕಣ್ಣಾರೆ ಕಂಡವರು, ಅದರೊಂದಿಗೆ ತೋಟ ಸುತ್ತಿದವರು, ಅದರ ಬೊಗಳಿಕೆಯನ್ನು ಗುರುತು ಹಿಡಿಯುತ್ತಿದ್ದವರು ಮೂಡಿಗೆರೆಯ ಸುತ್ತಮುತ್ತ ಇನ್ನೂ ಇರಬಹುದು, ಅವರಿಗೂ ವಯಸ್ಸಾಗಿರುತ್ತದೆ. ತಮ್ಮ ಪತ್ರಿಕೆಯ ಮೂಲಕ ಒಂದು ಕರೆ ಹೋದರೆ ಅವರ ನೆನಪುಗಳನ್ನು ಅವರದೇ ಮಾತಿನಲ್ಲಿ ಬರೆಸಿಕೊಳ್ಳಲು ಸಾಧ್ಯ. ಆ ಕೆಲಸಕ್ಕೆ ಓಡಾಡಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗಳು, ಸಾಗರ ತಾಲ್ಲೂಕು