ಐತವಾರದ ಭೇಟಿಗೆ ಬರುವವರಿಗೆ

ಬೀದರ್ ಸಭೆಯ ಅಣ್ಣಂದಿರೇ, ಅಕ್ಕಂದಿರೇ, ವಂದನೆಗಳು. ಆರಾಧನೆ ಮುಗಿಸಿ ಕಾಯಿಲೆಯವರ ಮನೆಗಳಿಗೆ ಹೊರಡುವ ಮೊದಲು ಲೂಕ 10:25-37 ಓದಿಕೊಂಡು ಬನ್ನಿ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಕಂಡ ಸಮಾರ್ಯದವನು ಬರೀ ಮರುಗಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಸವಾರಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಮರುದಿನ ಛತ್ರದವನಿಗೆ 2 ದಿನಾರಿ, ಅಂದರೆ 2 ದಿನದ ಕೂಲಿ, ಕೊಟ್ಟ. ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುವೆ ಅಂದನಲ್ಲ, ಅದೇ ಎಲ್ಲಕ್ಕಿಂತ ದೊಡ್ಡದು. ಗ್ರೀಕಿನ ‘ಅಗಾಪೆ’, ಅಂದರೆ ಪ್ರೀತಿ, ಇದೇ: ಎದುರಿನವರಿಂದ ಏನೂ ಮರಳಿ ಬಾರದೆಂದು ಗೊತ್ತಿದ್ದೂ ಅವರ ಒಳಿತಿಗೆ ದುಡಿಯುವುದು.

ಏನು ಬೇಕೆಂದು ಮೊದಲು ಕೇಳಿ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಒಯ್ದರೆ ಅದು ನಮ್ಮ ಸಮಾಧಾನಕ್ಕಷ್ಟೇ. ರೊಟ್ಟಿ, ಬ್ಯಾಳಿ ಕೊಡುವಾಗ ಫೋಟೊ ಬೇಡವೇ ಬೇಡ; ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು (ಮತ್ತಾಯ 6:3). ಫೋಟೊ ಗುಂಪಿಗೆ ಬಂದರೆ ಪಡೆದವರಿಗೆ ನಾಚಿಕೆ, ಮುಂದಿನ ಸಲ ಬಾಗಿಲೇ ತೆರೆಯಲಾರರು.