ಅರಸೀಕೆರೆಯ ಮೇಷ್ಟ್ರಿಗೆ ಮತ್ತು ಶಿಯಾನ್‌ನ ಗೆಳೆಯರಿಗೆ ಒಂದು ಕೃತಜ್ಞತೆಯ ಬರಹ

ಫೆಬ್ರವರಿಯ ಕೊನೆಯಲ್ಲಿ ಚೀನಾದ ಸಿಇಟಿ-6 ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಶಿಯಾನ್ ನಗರದಲ್ಲಿ ನಾನು ಮಣ್ಣು ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಪ್ರಯೋಗಾಲಯದ ಕಿರಿಯ ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ 451 ಅಂಕ ಪಡೆದು, ತನಗೆ ಬೇಕಿದ್ದ ಗೆರೆಯನ್ನು ನೆಮ್ಮದಿಯಾಗಿ ದಾಟಿದ್ದಾಳೆ. ಅಂಕವೂ ಅವಳದು, ಶ್ರಮವೂ ಅವಳದು. ಆದರೆ ಅವಳ ಓದಿಗೆ ಹೆಗಲು ಕೊಟ್ಟವರಲ್ಲಿ ಕೆಲವರು ಕನ್ನಡಿಗರಾಗಿರುವುದರಿಂದ, ಅವಳ ಪರವಾಗಿಯೂ ನನ್ನ ಪರವಾಗಿಯೂ ಕನ್ನಡದಲ್ಲಿ ಋಣ ಸ್ಮರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಸಿಇಟಿ ಎಂದೊಡನೆ ನಮ್ಮವರಿಗೆ ಎಂಜಿನಿಯರಿಂಗ್ ಸೀಟು ನೆನಪಾಗುವುದು ಸಹಜ, ಇದು ಅದಲ್ಲ. ಇಂಗ್ಲಿಷನ್ನು ಮುಖ್ಯ ವಿಷಯವಾಗಿ ಓದದ ಕಾಲೇಜು ವಿದ್ಯಾರ್ಥಿಗಳ ಇಂಗ್ಲಿಷ್ ಎಷ್ಟರಮಟ್ಟಿಗಿದೆ ಎಂದು ಅಳೆಯಲು ಚೀನಾ ಸರಕಾರ 1987ರಲ್ಲಿ ಆರಂಭಿಸಿದ ರಾಷ್ಟ್ರಮಟ್ಟದ ಪರೀಕ್ಷೆ ಇದು. ಮೊದಲು ನಾಲ್ಕನೇ ಹಂತವಿತ್ತು, 1989ರಲ್ಲಿ ಆರನೇ ಹಂತ ಸೇರಿತು. ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ವರ್ಷಕ್ಕೆ ಎರಡು ಸಲ, ಲಿಖಿತ ಪರೀಕ್ಷೆ ನಡೆಯುತ್ತದೆ. ಒಟ್ಟು ಅಂಕ 710. ಪಾಸು, ಫೇಲು ಎಂದು ಅಂಕಪಟ್ಟಿಯಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಆದರೂ 425 ಎಂಬ ಸಂಖ್ಯೆ ಇಲ್ಲಿನ ಪ್ರತಿಯೊಬ್ಬ ವಿದ್ಯಾರ್ಥಿಯ ಬಾಯಲ್ಲಿದೆ, ಏಕೆಂದರೆ ನಾಲ್ಕನೇ ಹಂತದಲ್ಲಿ ಅಷ್ಟು ಬಾರದೆ ಆರನೇ ಹಂತಕ್ಕೆ ಹೆಸರು ನೋಂದಾಯಿಸಲಾಗದು, ಆರನೇ ಹಂತದಲ್ಲಿ ಅಷ್ಟು ಬಾರದಿದ್ದರೆ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಅರ್ಜಿಯನ್ನೇ ಮುಂದಕ್ಕೆ ಸಾಗಿಸುವುದಿಲ್ಲ. ಇದೇ ಊರಿನ ಶಿಯಾನ್ ಜಿಯಾವ್‌ತೊಂಗ್ ವಿಶ್ವವಿದ್ಯಾಲಯ ಪದವಿ ಪಡೆಯುವುದಕ್ಕೂ ಈ ಅಂಕಗಳಿಗೂ ಸಂಬಂಧವಿಲ್ಲವೆಂದು 2023ರಲ್ಲಿ ಪ್ರಕಟಿಸಿದಾಗ ದೇಶದಾದ್ಯಂತ ಚರ್ಚೆಯಾಯಿತು. ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಪಿಎಚ್.ಡಿ.ಗೆ ಅರ್ಜಿ ಹಾಕಬೇಕೆಂದಿರುವ ಎಂ.ಎಸ್‌ಸಿ. ಹುಡುಗಿಗೆ ಆ ಸುದ್ದಿಯಿಂದ ಯಾವ ಪ್ರಯೋಜನವೂ ಇರಲಿಲ್ಲ.

ಇಲ್ಲಿ ಪ್ರಯೋಗಾಲಯವೆಂದರೆ ಒಂದು ಕುಟುಂಬವಿದ್ದಂತೆ. ನಮಗಿಂತ ಮೊದಲು ಸೇರಿದವಳು ಶಿಜ್ಯೆ, ಅಂದರೆ ಅಕ್ಕ; ಆಮೇಲೆ ಬಂದವಳು ಶಿಮೇಯ್, ಅಂದರೆ ತಂಗಿ. ಈ ತಂಗಿ ಗಾನ್ಸು ಪ್ರಾಂತದ ತಿಯಾನ್‌ಶುಯ್ ಬಳಿಯ ಹಳ್ಳಿಯವಳು. ಅವಳ ಶಾಲೆಯಲ್ಲಿ ಇಂಗ್ಲಿಷ್ ಎಂದರೆ ಕಣ್ಣಿನಿಂದ ಓದಿ ಕೈಯಿಂದ ಬರೆಯುವ ವಿಷಯವಾಗಿತ್ತೇ ಹೊರತು ಕಿವಿಗೂ ಬಾಯಿಗೂ ಅದರಲ್ಲಿ ಕೆಲಸವಿರಲಿಲ್ಲ. ಕಾಲೇಜು ಪ್ರವೇಶದ ಗಾವ್‌ಕಾವ್ ಪರೀಕ್ಷೆಯ 750 ಅಂಕಗಳಲ್ಲಿ ಇಂಗ್ಲಿಷಿಗೆ ಮೀಸಲಾದ 150ರ ದೊಡ್ಡ ಪಾಲನ್ನು ಅವಳು ಹಾಗೆಯೇ ಗಳಿಸಿದ್ದಳು. ಸಾವಿರಾರು ಪದಗಳು ಅವಳಿಗೆ ಬಾಯಿಪಾಠವಾಗಿದ್ದವು. ಊಟದ ಸಾಲಿನಲ್ಲಿ ನಿಂತಾಗಲೂ ಮೊಬೈಲಿನಲ್ಲಿ ಬೈಚಿಝಾನ್ ಆ್ಯಪ್ ತೆರೆದು ಚಿತ್ರ ನೋಡಿ ಪದ ಗುರುತಿಸುತ್ತಿದ್ದಳು. ಆದರೂ ಆರನೇ ಹಂತದಲ್ಲಿ ಪ್ರತಿ ಸಲವೂ 425ಕ್ಕೆ ಸ್ವಲ್ಪ ಕಡಿಮೆಯಲ್ಲಿ ನಿಲ್ಲುತ್ತಿದ್ದಳು.

ಎಲ್ಲಿ ಅಂಕ ಹೋಗುತ್ತಿದೆ ಎಂಬುದು ಅಂಕಪಟ್ಟಿಯಲ್ಲಿಯೇ ಕಾಣುತ್ತಿತ್ತು. ಒಟ್ಟು ಅಂಕದಲ್ಲಿ ಶೇ. 35ರಷ್ಟು ಪಾಲು ಕೇಳಿ ಉತ್ತರಿಸುವ ಭಾಗಕ್ಕಿದೆ. ಆರನೇ ಹಂತದಲ್ಲಿ ಅದು ಅರ್ಧ ಗಂಟೆಯ ಭಾಗ: ಎರಡು ಸಂಭಾಷಣೆ, ಎರಡು ಗದ್ಯಭಾಗ, ಮೂರು ಉಪನ್ಯಾಸದ ತುಣುಕು, ಇವುಗಳ ಮೇಲೆ 25 ಪ್ರಶ್ನೆ. ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ. ಪ್ರಶ್ನೆಯೂ ಕಿವಿಗೇ ಬರುತ್ತದೆ. ಕಾಗದದಲ್ಲಿರುವುದು ಆಯ್ಕೆಯ ಉತ್ತರಗಳು ಮಾತ್ರ. ಇದು ಮುಗಿಯುತ್ತಿದ್ದಂತೆ ಮೊದಲನೆಯ ಉತ್ತರಪತ್ರಿಕೆಯನ್ನು ವಾಪಸು ಪಡೆಯುತ್ತಾರೆ, ಆದ್ದರಿಂದ ಆಮೇಲೆ ಯೋಚಿಸಿ ತುಂಬೋಣ ಎನ್ನುವ ಮಾತೇ ಇಲ್ಲ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಅರಸೀಕೆರೆ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಈಗ ನಿವೃತ್ತರು. ಅವರ ಒಪ್ಪಿಗೆಯಿಲ್ಲದೆ ಹೆಸರು ಹಾಕುವುದು ಬೇಡವೆಂದು ಬಿಟ್ಟಿದ್ದೇನೆ. ಅವರ ಶಿಷ್ಯರಿಗೆ ಯಾರೆಂದು ತಿಳಿದೇ ತಿಳಿಯುತ್ತದೆ. ದಿನದ ಮೊದಲ ಹತ್ತು ನಿಮಿಷ ಉಕ್ತಲೇಖನ ಬರೆಸದೆ ಅವರು ಪಾಠ ಶುರು ಮಾಡಿದವರಲ್ಲ. ಶಿಮೇಯ್‌ಳ ತೊಂದರೆಯನ್ನು ಫೋನಿನಲ್ಲಿ ವಿವರಿಸಿದಾಗ ಅವರು ಹೇಳಿದ್ದು ಇಷ್ಟೇ: "ಅವಳಿಗೆ ಪದ ಗೊತ್ತು, ಪದದ ಸದ್ದು ಗೊತ್ತಿಲ್ಲ. ಬರೆಸಮ್ಮ, ದಿನಾ ಬರೆಸು. ಗೊತ್ತಾಗದ ಕಡೆ ಊಹೆ ಮಾಡಿ ತುಂಬೋದು ಬೇಡ, ಬೆರಳಗಲ ಜಾಗ ಬಿಡಲಿ."

ಅಲ್ಲಿಂದ ಮುಂದೆ ಹಳೆಯ ಪ್ರಶ್ನೆಪತ್ರಿಕೆಗಳ ಧ್ವನಿಮುದ್ರಣಗಳೇ ನಮ್ಮ ಪಠ್ಯವಾದವು. ಒಂದು ವಾಕ್ಯ ಕೇಳಿಸಿ ನಿಲ್ಲಿಸುವುದು, ಅವಳು ಬರೆಯುವುದು, ಮತ್ತೆ ಕೇಳಿಸುವುದು. ಮೊದಲ ಸಲ ಕೇಳಿದ್ದು ಕಪ್ಪು ಶಾಯಿಯಲ್ಲಿ, ಎರಡನೆಯ ಸಲ ಸಿಕ್ಕಿದ್ದು ನೀಲಿಯಲ್ಲಿ, ಕೊನೆಗೆ ಪಠ್ಯ ನೋಡಿ ತುಂಬಿದ್ದು ಹಸಿರಿನಲ್ಲಿ. ಆರಂಭದ ಪುಟಗಳಲ್ಲಿ ಹಸಿರೇ ಹೆಚ್ಚು. ಕುತೂಹಲದ ಸಂಗತಿಯೆಂದರೆ, ಆ ಖಾಲಿ ಜಾಗಗಳಲ್ಲಿ ಬಿಟ್ಟುಹೋಗುತ್ತಿದ್ದುದು ಉಪನ್ಯಾಸಗಳ ಗಡುಸಾದ ಶಾಸ್ತ್ರೀಯ ಪದಗಳಲ್ಲ. 'ಶುಡ್ ಹ್ಯಾವ್ ಬೀನ್' ಎಂಬಂಥ, ಆರನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಮೂರು ಪದಗಳು ಮಾತಿನ ವೇಗದಲ್ಲಿ ಒಂದಕ್ಕೊಂದು ಅಂಟಿಕೊಂಡು ಬಂದಾಗ ಅವಳ ಕಿವಿಗೆ ಅಲ್ಲೇನೂ ಇರಲೇ ಇಲ್ಲ. ಪದಪಟ್ಟಿಯನ್ನು ಇನ್ನೂ ಉದ್ದ ಮಾಡುವುದರಿಂದ ಈ ಕೊರತೆ ತುಂಬುತ್ತಿರಲಿಲ್ಲ. ಕೋಚಿಂಗ್ ತರಗತಿಗಳಲ್ಲಿ ಹೇಳಿಕೊಡುವ, ಕೇಳಿದ ಪದ ಯಾವ ಆಯ್ಕೆಯಲ್ಲಿದೆಯೋ ಅದಕ್ಕೆ ಗುರುತು ಹಾಕಿಬಿಡುವ ಉಪಾಯವೂ ಮೂರು ಉಪನ್ಯಾಸಗಳ ಮುಂದೆ ನಡೆಯುವುದಿಲ್ಲ.

ಮೇಷ್ಟ್ರ ಉಪಕಾರ ಇಷ್ಟಕ್ಕೆ ನಿಲ್ಲಲಿಲ್ಲ. ಪ್ರಬಂಧ ಮತ್ತು ಚೀನಿ ಭಾಷೆಯಿಂದ ಇಂಗ್ಲಿಷಿಗೆ ಮಾಡುವ ಅನುವಾದಕ್ಕೆ ಸೇರಿ ಶೇ. 30ರಷ್ಟು ಅಂಕವಿದೆ. ಶಿಮೇಯ್ ಕೈಬರಹದಲ್ಲಿ ಬರೆದದ್ದನ್ನು ಫೋಟೋ ತೆಗೆದು ನಾನು ಇ-ಮೇಲ್ ಮಾಡುತ್ತಿದ್ದೆ. ವೀಚಾಟ್ ಭಾರತದಲ್ಲಿ 2020ರಿಂದ ನಿಷೇಧದಲ್ಲಿದೆ, ವಾಟ್ಸ್‌ಆ್ಯಪ್ ಇಲ್ಲಿ ನೇರವಾಗಿ ತೆರೆಯುವುದಿಲ್ಲ. ಎರಡು ದೇಶಗಳ ನಡುವೆ ಉಳಿದ ಸುಲಭದ ದಾರಿ ಹಳೆಯ ಇ-ಮೇಲ್ ಒಂದೇ. ಮೇಷ್ಟ್ರ ಮೊಮ್ಮಗ ಅದನ್ನು ಪ್ರಿಂಟ್ ಹಾಕಿಕೊಡುತ್ತಿದ್ದ, ಮೇಷ್ಟ್ರು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು, ಅವನು ಮತ್ತೆ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದ. ಈಗ ಎರಡನೇ ಪಿಯುಸಿಯಲ್ಲಿರುವ ಆ ಹುಡುಗನಿಗೂ ನಮ್ಮ ವಂದನೆ ಸಲ್ಲಬೇಕು.

ಚೀನಿ ಭಾಷೆಯ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲವಾದ್ದರಿಂದ, ಶಿಮೇಯ್‌ಳ ಇಂಗ್ಲಿಷಿನಲ್ಲಿ ಒಂದೇ ವಾಕ್ಯವೃಂದ ಭೂತಕಾಲದಲ್ಲಿ ಆರಂಭವಾಗಿ ವರ್ತಮಾನದಲ್ಲಿ ಮುಗಿಯುತ್ತಿತ್ತು. ಮೇಷ್ಟ್ರು ಪ್ರತಿ ಕ್ರಿಯಾಪದದ ಬಾಲಕ್ಕೂ ಒಂದು ಸಣ್ಣ ಕೆಂಪು ಗೆರೆ ಎಳೆದು, ಪುಟದಂಚಿನಲ್ಲಿ ನನಗಾಗಿ ಕನ್ನಡದಲ್ಲಿ "ನೆನ್ನೆ ನಡೆದದ್ದನ್ನು ನೆನ್ನೆಯದಾಗಿಯೇ ಬರೆಯಲು ಹೇಳಮ್ಮ" ಎಂದು ಬರೆದಿದ್ದರು. ಇಲ್ಲಿನ ಮಾರ್ಗದರ್ಶಿ ಪುಸ್ತಕಗಳಲ್ಲಿ ಪ್ರಬಂಧದ ಸಿದ್ಧ ಅಚ್ಚುಗಳು ಸಿಗುತ್ತವೆ, ನಮ್ಮಲ್ಲಿನ ಗೈಡುಗಳ ಹಾಗೆಯೇ. ಮೊದಲ ಸಾಲು, ಕೊನೆಯ ಸಾಲು ಎಲ್ಲರದ್ದೂ ಒಂದೇ. ಅಂಥ ಒಂದು ಸಾಲನ್ನು ಮೇಷ್ಟ್ರು ಪೂರ್ತಿ ಹೊಡೆದುಹಾಕಿ "ಇದು ಅವಳ ಮಾತಲ್ಲ" ಎಂದು ಬರೆದದ್ದನ್ನು ನಾನು ವಿವರಿಸಿದಾಗ, ಅವಳು ಮೊದಲು ಗಾಬರಿಯಾದಳು, ಆಮೇಲೆ ತನ್ನ ಊರಿನ ಮೆಟ್ಟಿಲು ಹೊಲಗಳ ಬಗ್ಗೆ ಎಂಟು ಸಾಲು ಬರೆದುಕೊಟ್ಟಳು. ಅವಳು ಅದುವರೆಗೆ ಬರೆದದ್ದರಲ್ಲಿ ಅದೇ ಒಳ್ಳೆಯದು.

ಅನುವಾದಕ್ಕೆ ಬರುವ ಗದ್ಯಭಾಗಗಳು ಚೀನಾದ ಚರಿತ್ರೆ, ಸಂಸ್ಕೃತಿ, ಅರ್ಥವ್ಯವಸ್ಥೆಗಳಿಗೆ ಸಂಬಂಧಿಸಿರುತ್ತವೆ. ಈಗಿನ ಮಾದರಿ ಜಾರಿಗೆ ಬಂದ 2013ರ ಡಿಸೆಂಬರಿನಲ್ಲಿ ರೇಷ್ಮೆ ಮಾರ್ಗವೂ ಒಂದು ವಿಷಯವಾಗಿತ್ತು. ಹಾಗಾಗಿ ಅಭ್ಯಾಸಕ್ಕೆಂದು ಶಿಮೇಯ್ ಒಮ್ಮೆ ಶ್ವಾನ್‌ಜಾಂಗ್ ಭಿಕ್ಷುವಿನ ಬಗ್ಗೆ ಬರೆದಳು. ನಾವು ಶಾಲೆಯಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಓದಿದವರು ಇವರೇ. 645ರಲ್ಲಿ ಭಾರತದಿಂದ 657 ಗ್ರಂಥಗಳನ್ನು ಹೊತ್ತು ಇದೇ ಊರಿಗೆ, ಅಂದಿನ ಚಾಂಗಾನ್‌ಗೆ, ಮರಳಿದರು. ಅವನ್ನು ಕಾಪಾಡಲು 652ರಲ್ಲಿ ಕಟ್ಟಿಸಿದ ಪಗೋಡ ಈಗಲೂ ನಗರದಲ್ಲಿದೆ. ಅವರು ದಖ್ಖನ್ನಿಗೂ ಬಂದಿದ್ದರು, ನಮ್ಮ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ತಮ್ಮ ಪ್ರವಾಸ ಕಥನದಲ್ಲಿ ಬಣ್ಣಿಸಿದ್ದಾರೆ ಎಂದು ನಾನು ಹೇಳಿದಾಗ ಅವಳಿಗೆ ಅದು ಹೊಸ ವಿಷಯ. ಮೇಷ್ಟ್ರಿಗಂತೂ ಆ ಹಾಳೆ ತಲುಪಿದ ದಿನ ಹಬ್ಬ. ಇಂಗ್ಲಿಷ್ ತಿದ್ದಿದ್ದು ಅರ್ಧ ಪುಟ, ಬಾದಾಮಿಯ ಬಗ್ಗೆ ಬರೆದದ್ದು ಎರಡು ಪುಟ. ಅದನ್ನು ಅವಳಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿ, ಅದನ್ನೂ ಉಕ್ತಲೇಖನವಾಗಿ ಬರೆಸಿದೆ.

ಇದೇ ನಗರದಲ್ಲಿ ಎಂಬಿಬಿಎಸ್ ಓದುತ್ತಿರುವ ಹುಬ್ಬಳ್ಳಿ ಮತ್ತು ಕಲಬುರಗಿ ಕಡೆಯ ಮೂವರು ತಮ್ಮಂದಿರು ಶನಿವಾರ ಸಂಜೆಗಳನ್ನು ನಮಗೆ ಬಿಟ್ಟುಕೊಟ್ಟರು. ಪಾಠ ಮಾಡಲು ಅಲ್ಲ, ಬರೀ ಇಂಗ್ಲಿಷಿನಲ್ಲಿ ಹರಟಲು. ನಮ್ಮ ಉಚ್ಚಾರ ಪರೀಕ್ಷೆಯಲ್ಲಿ ಕೇಳಿಬರುವ ಉಚ್ಚಾರವಲ್ಲ ಎಂಬುದು ನಿಜ; ಚೀನಾದಲ್ಲಿ ಇಂಗ್ಲಿಷ್ ಶಿಕ್ಷಕರ ಕೆಲಸ ಸಾಮಾನ್ಯವಾಗಿ ಇಂಗ್ಲಿಷ್ ತಾಯ್ನುಡಿಯಾಗಿರುವ ದೇಶದವರಿಗೇ ಸಿಗುವುದು ಎಂಬುದೂ ನಿಜ. ಆದರೆ ಇಂಗ್ಲಿಷನ್ನು ಕಷ್ಟಪಟ್ಟು ಕಲಿತು, ಅದರಲ್ಲಿ ತಡವರಿಸುತ್ತಲೂ ನಿಸ್ಸಂಕೋಚವಾಗಿ ಮಾತನಾಡುವ ನಾಲ್ಕು ಜನರನ್ನು ಎದುರಿಗೆ ಕಂಡದ್ದರಿಂದಲೇ ತಾನು ಬಾಯಿ ತೆರೆದೆ ಎಂದು ಶಿಮೇಯ್ ಹೇಳುತ್ತಾಳೆ. ತಮ್ಮಂದಿರಾ, ನಿಮ್ಮ ಪರೀಕ್ಷೆಗಳ ನಡುವೆಯೂ ಬಂದಿರಿ. ನೀವು ಮಾಡಿದ ಉಪಕಾರ ಸಣ್ಣದಲ್ಲ.

ವಾರಕ್ಕೆ ಎರಡು ಸಂಜೆ ಪ್ರಯೋಗಾಲಯದ ಕೆಲಸದಿಂದ ಬಿಡುವು ಕೊಟ್ಟ ನಮ್ಮ ಮಾರ್ಗದರ್ಶಕರಿಗೆ, ರಾತ್ರಿ ಹನ್ನೊಂದಕ್ಕೆ ಕೋಣೆಗಳ ದೀಪ ಆರಿದ ಮೇಲೂ ಕೆಳಗಿನ ತಮ್ಮ ಕೊಠಡಿಯಲ್ಲಿ ಕೂರಲು ಬಿಟ್ಟು ಬಿಸಿನೀರಿನ ಫ್ಲಾಸ್ಕ್ ಮುಂದಿಡುತ್ತಿದ್ದ ಹಾಸ್ಟೆಲ್ಲಿನ ಆಯಿಗೆ, ಪರೀಕ್ಷೆಯ ಧ್ವನಿಯನ್ನು ಎಫ್ಎಂ ತರಂಗದಲ್ಲಿ ಹಿಡಿಯುವ ತನ್ನ ಹೆಡ್‌ಫೋನನ್ನು ಹೊಸ ಬ್ಯಾಟರಿ ಸಮೇತ ಎರವಲು ಕೊಟ್ಟ ಪಕ್ಕದ ಕೋಣೆಯ ಗೆಳತಿಗೆ ನಾವಿಬ್ಬರೂ ಋಣಿಗಳು. ಶಿಮೇಯ್‌ಳ ತಾಯಿ ತಿಯಾನ್‌ಶುಯ್‌ನಿಂದ ಪೆಟ್ಟಿಗೆ ಪೆಟ್ಟಿಗೆ ಸೇಬು ಕಳಿಸಿದರು. ನಾನು ದುಡ್ಡು ತೆಗೆದುಕೊಳ್ಳದಿದ್ದುದಕ್ಕೆ ಅವರು ಕಂಡುಕೊಂಡ ಪರಿಹಾರ ಅದು. ಇಡೀ ಪ್ರಯೋಗಾಲಯ ಆ ಚಳಿಗಾಲ ಸೇಬು ತಿಂದಿತು.

ಶಿಮೇಯ್ ಪಿಎಚ್.ಡಿ. ಅರ್ಜಿ ಸಲ್ಲಿಸಿದ್ದಾಳೆ. ಮೇಷ್ಟ್ರೇ, ಜೂನ್ ಪರೀಕ್ಷೆಗೆ ಪ್ರಯೋಗಾಲಯದ ಇನ್ನಿಬ್ಬರು ಕೂರುತ್ತಿದ್ದಾರೆ, ಈ ಸಲ ಉಕ್ತಲೇಖನ ಬರೆಸುತ್ತಿರುವವಳು ಶಿಮೇಯ್. ಅವರ ಪ್ರಬಂಧಗಳನ್ನು ನಿಮಗೆ ಕಳಿಸಬಹುದೇ ಎಂದು ಕೇಳಲು ಅವಳು ನನಗೆ ಹೇಳಿದ್ದಾಳೆ. ನೀವು ಬೇಡ ಎನ್ನುವವರಲ್ಲವೆಂದು ನಾನು ಆಗಲೇ ಹೇಳಿಬಿಟ್ಟಿದ್ದೇನೆ. ಕೆಂಪು ಪೆನ್ನು ಸಿದ್ಧವಿರಲಿ.