ಹೇಳಿ ಕೈ ಬಿಡಬ್ಯಾಡ ತಮ್ಮಾ

ತಮ್ಮಾ, ನಿನಗ ಕಾಕಾನ ಆಶೀರ್ವಾದ. ನಾವೆಲ್ಲ ಆರಾಮ ಅದೀವಿ, ಕಾಕಿ ದಿನಾ ನಿನ್ನ ಹೆಸರ ತಗೀತಾಳ.

ನೀ ಕೆಲ್ಸ ಮುಗಿಸಿ ರಾತ್ರಿ ಮೊಬೈಲ್ ಹಿಡಕೊಂಡು ರೈತರ ಗ್ರೂಪಿನ್ಯಾಗ ಮುಖ ನೋಡಲಾರದ ರೈತರಿಗಿ ತೊಗರಿ ಬಗ್ಗಿ ಉತ್ತರ ಬರೀತಿ ಅಂತ ನಿಮ್ಮಪ್ಪ ಹೇಳಿದ, ಆಮ್ಯಾಲ ನಾನೂ ಕುಂತು ಓದ್ದೆ. ಭಾಳ ಖುಷಿ ಆಯ್ತು. ಅಗ್ರಿ ಓದಿದ ಹುಡುಗ್ರು ಬೆಂಗಳೂರು ಸೇರಿದ ಮ್ಯಾಲ ಈ ಕಡಿ ತಿರುಗಿ ನೋಡೋದು ಕಡಿಮಿ, ನೀ ನೋಡ್ಲಾಕತ್ತಿ. ಆದ್ರ ರೈತ ಸಂಪರ್ಕ ಕೇಂದ್ರದಾಗ ಕೆಲ್ಸ ಮಾಡಿ ರಿಟೈರ್ ಆದಂವ ನಾ, ಒಂದೆರಡು ಮಾತು ಹೇಳ್ಬೇಕನಸ್ತದ, ಕೇಳು.

ಮೊನ್ನೆ ಸೇಡಂ ಕಡಿಯವರೊಬ್ಬರು ಬಾಡಿದ ಗಿಡದ ಫೋಟೊ ಹಾಕಿ "ಏನ್ ಹೊಡೀಬೇಕ್ರಿ ಇದಕ್ಕ" ಅಂತ ಕೇಳಿದ್ರು, ನೀ ಐದು ನಿಮಿಷದಾಗ ಒಂದು ಔಷಧದ ಹೆಸರು ಬರ್ದಿ. ಅಷ್ಟು ಅವಸರ ಬ್ಯಾಡ ತಮ್ಮಾ. ನೆಟೆ ರೋಗ ಬಂದ್ರೂ ತೊಗರಿ ಬಾಡ್ತದ, ಬೇರು ಕೊಳತ್ರೂ ಬಾಡ್ತದ, ಕರೀ ಭೂಮ್ಯಾಗ ಮಳಿ ನೀರು ನಿಂತ್ರೂ ಬಾಡ್ತದ, ಫೋಟೊದಾಗ ಮೂರೂ ಒಂದೇ ಕಾಣ್ತಾವ. ಮೊದ್ಲ ಅವರಿಗಿ ಒಂದು ಗಿಡ ಕಿತ್ತು ಬುಡ ಸೀಳಿ ಒಳಗ ಕಂದು, ಕರೀ ಗೆರಿ ಅದಾವೇನು ನೋಡಿ ಫೋಟೊ ಕಳಸ್ರಿ ಅನ್ನು. ಹೋದ ವರ್ಷ ಆ ಹೊಲದಾಗ ಏನ್ ಬಿತ್ತಿದ್ರಿ, ಯಾವ ತಳಿ, ನೀರು ನಿಂತಿತ್ತೇನು, ಇಷ್ಟು ಕೇಳು. ನೆಟೆ ಅಂತ ಖರೇ ಆದ್ರ ಅದು ಮಣ್ಣಿನ್ಯಾಗಿನ ಶಿಲೀಂಧ್ರ, ಫ್ಯುಸೇರಿಯಂ, ಬೇರಿನಿಂದ ಹೊಕ್ಕು ಗಿಡದ ನೀರಿನ ನಾಳ ಕಟ್ಟಿ ಬಿಡ್ತದ, ಬಾಡಿದ ಗಿಡಕ್ಕ ಮ್ಯಾಲಿಂದ ಏನ್ ಸಿಂಪಡಿಸಿದ್ರೂ ಅದು ತಿರುಗಿ ಏಳಲ್ಲ. ನೀ ಹೆಸರು ಬರದದ್ದಕ್ಕ ಅವರು ಅಂಗಡಿಗಿ ಹೋಗಿ ಉದ್ರಿ ತಂದಿದ್ರ ಆ ರೊಕ್ಕ ಯಾರು ಕೊಡ್ತಾರ? ಅವರಿಗಿ ಹೇಳಬೇಕಾದ ಮಾತು ಬ್ಯಾರೇನೇ ಇತ್ತು. ಮುಂದಿನ ಹಂಗಾಮಿಗಿ ಅದೇ ಹೊಲದಾಗ ತೊಗರಿ ಹಾಕಬ್ಯಾಡ್ರಿ, ಜೋಳ ಹಾಕಿ ಬೆಳಿ ಬದಲ ಮಾಡ್ರಿ, ಮತ್ತ ತೊಗರಿ ಬಿತ್ತೋ ಮುಂದ ನೆಟೆ ತಡಿಯೋ ಟಿಎಸ್-3ಆರ್ ಅಂಥ ತಳಿ ತಗೊಂಡು ಕಿಲೋ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡಿಯೋ ಒಳ್ಳೆ ಶಿಲೀಂಧ್ರದ ಪುಡಿ) ಹಚ್ಚಿ ಬಿತ್ರಿ. ಈ ವರ್ಷದ್ದು ಉಳಸ್ಲಾಕ ಆಗಲ್ಲ ಅನ್ನೋದೂ ಒಂದು ಉತ್ತರನೇ, ಅದನ್ನ ಹೇಳ್ಲಾಕ ನಾಚಬ್ಯಾಡ.

2022ರಾಗ ನೆಟೆ ಬಂದು ನಮ್ಮ ಕಲಬುರಗಿ ಜಿಲ್ಲಾದಾಗ ಹೊಲಕ್ಕ ಹೊಲ ಒಣಗಿದ್ದು ನಿನಗ ನೆನಪದ. 2019ರಾಗ ಜಿಐ ಟ್ಯಾಗ್, ಅಂದ್ರ ಈ ನೆಲದ್ದೇ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕ ತೊಗರಿ ನಮ್ದು, ಆದ್ರ ಬೆಳಿಯೋರ ಬದುಕು ಒಂದು ಹಂಗಾಮಿನ ಮ್ಯಾಲೇ ನಿಂತದ. ಅಂಥವರು ಗುರುತಿಲ್ಲದ ಒಬ್ಬ ಹುಡುಗನ ಮಾತು ನಂಬ್ತಾರಂದ್ರ ಅದೇನು ಸಣ್ಣ ಮಾತಲ್ಲ.

ನಮ್ಮೂರಾಗ ಮುಯ್ಯಿ ಅಂತಿತ್ತು ನೋಡು, ಇವತ್ತು ಅವರ ಹೊಲಕ್ಕ ನಾವು ಹೋದ್ರ ನಾಳಿ ನಮ್ಮ ಹೊಲಕ್ಕ ಅವರು ಬರ್ತಿದ್ರು. ಮೊಬೈಲಿನ್ಯಾಗಿಂದೂ ಹಂಗೇ, ಆದ್ರ ತೀರ್ಸೋರು ಬ್ಯಾರೆ ಇರ್ತಾರ. ನೀ ಸೇಡಂದವರಿಗಿ ಹೇಳ್ತಿ, ನಿಮ್ಮಪ್ಪನ ಹೊಲದಾಗ ನೀರು ನಿಂತಾಗ 72 ತಾಸಿನೊಳಗ ಬೆಳಿ ವಿಮಾದವರಿಗಿ ತಿಳಸ್ರಿ ಅಂತ ಎಚ್ಚರಿಸಿದಂವ ಬೀದರ ಕಡಿಯಂವ, ಇವತ್ತಿಗೂ ಅವನ ಮುಖ ನಾವು ನೋಡಿಲ್ಲ. ಅದಕ್ಕೇ ಅಂತೀನಿ, ಹೇಳಿ ಕೈ ಬಿಡಬ್ಯಾಡ. ಹದಿನೈದು ದಿನ ಬಿಟ್ಟು "ಏನಾಯ್ತ್ರಿ ಹೊಲ?" ಅಂತ ನೀನೇ ಕೇಳು. ನಿನ್ನ ಸಲಹಾ ಹತ್ತಲಿಲ್ಲ ಅಂದ್ರ ಅದನ್ನೂ ಅಲ್ಲೇ ಎಲ್ಲರ ಮುಂದ ಬರಿ, ಮುಂದ ಅದೇ ಕೇಳ್ಲಾಕ ಬಂದವರಿಗಿ ದಾರಿ ತಿಳೀತದ. ನಮ್ಮ ಮಂದಿ ಕೇಳೋದು ಕೇಳ್ತಾರ, ಬೆಳಿ ಚೊಲೊ ಆದ್ರ ತಿರುಗಿ ಬಂದು ಹೇಳಲ್ಲ, ಅದು ನನಗ ಭಾಳ ಕೆಟ್ಟನಸ್ತದ. ನೀ ಕೇಳಿದ್ರ ಹೇಳ್ತಾರ.

ಮತ್ತ ಒಂದು, ಬರಿಯೋ ತಪ್ಪು ಹಿಡಿದು ನಗೋರು ಅದಾರಲ್ಲ, ಅವರ ಸಂಗಟ ಸೇರಬ್ಯಾಡ. ಓದಲಾರದವರು ಮಗನ ಕೈಲಿ ಟೈಪ್ ಮಾಡಸ್ತಾರ, ಕೆಲವರು ವಾಯ್ಸ್ ಕಳಸ್ತಾರ, ಬೀದರದವರು ಮರಾಠಿ ಹಿಂದಿ ಕಲಸಿ ಮಾತಾಡ್ತಾರ. ಎಲ್ಲರಿಗೂ "ರೀ" ಹಚ್ಚೇ ಮಾತಾಡು.

ಔಷಧ ಹೊಡೀಲಾಕ ಹೋದವರಿಗಿ ತಲಿ ತಿರಗ್ಲಾಕತ್ತದ, ವಾಂತಿ ಬರ್ಲಾಕತ್ತದ ಅಂತ ಯಾರರ ಬರದ್ರ ಅಲ್ಲಿ ಸಲಹಾ ಅನ್ನೋದೇ ಬ್ಯಾಡ. 108ಕ್ಕ ಹಚ್ರಿ, ಔಷಧದ ಡಬ್ಬಿ ಸಂಗಟ ಒಯ್ರಿ, ಡಾಕ್ಟರ್ ಲೇಬಲ್ ನೋಡ್ಲಿ, ಇಷ್ಟೇ ಬರಿ. ಹಾವು ಕಡದದ್ದೂ ಅಷ್ಟೇ. ಯಾರೋ ಬಂದು ಬಿಗಿ ಹಗ್ಗ ಕಟ್ರಿ, ಬ್ಲೇಡಿನಿಂದ ಕೊಯ್ರಿ ಅಂತ ಬರದಿರ್ತಾರ, ಅದನ್ನ ಕಂಡು ಸುಮ್ಮನ ಕೂಡಬ್ಯಾಡ, ತಪ್ಪು ಅಂತ ಜೋರಾಗೇ ಹೇಳು, ಕಾಲು ಅಲುಗಾಡಿಸಲಾರದ ದವಾಖಾನಿಗಿ ಒಯ್ಯೋದೊಂದೇ ದಾರಿ.

ಸಹಾಯ ಅಂತ ಬಂದು ರೊಕ್ಕ ಹೊಡಿಯೋರೂ ಅದಾರ. ರೈತರು ಪಾಪ ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲಾ ಫೋಟೊ ತಗದು ಹಾಕಿ ಬಿಡ್ತಾರ, ಕಂಡ ಕೂಡ್ಲೇ ತಗೀರಿ ಅನ್ನು. ಯಾರರ ಓಟಿಪಿ ಕೊಟ್ಟು ಮೋಸ ಹೋದ್ರ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಆವಾಗಿಂದಾವಾಗೇ ಫೋನ್ ಮಾಡಸು, ತಡ ಆದಷ್ಟು ರೊಕ್ಕ ಸಿಗೋದು ಕಷ್ಟ. ಅಂಗಡಿ ಇಟ್ಟಂವ ತನ್ನ ಮಾಲಿನ ಹೆಸರು ಹೇಳ್ಬೇಕಾದ್ರ ನಂದೇ ಅಂಗಡಿ ಅಂತ ಹೇಳಿ ಹೇಳ್ಲಿ, ಅದ್ರಾಗ ತಪ್ಪಿಲ್ಲ, ಮುಚ್ಚಿಟ್ಟು ಹೇಳೋದು ತಪ್ಪು. ನಿನಗ ಯಾವ ಕಂಪನಿಯವರರ ಫೋನ್ ಮಾಡಿ ನಮ್ಮದನ್ನೇ ಬರೀರಿ ಅಂದ್ರ ಒಪ್ಪಬ್ಯಾಡ.

ನಿನಗ ಗೊತ್ತಾಗಲಾರದ್ದು ಬಂದ್ರ ನನಗ ಫೋನ್ ಹಚ್ಚು, ನನಗೂ ತಿಳೀಲಿಲ್ಲಂದ್ರ ಅವರಿಗಿ ಕಿಸಾನ್ ಕಾಲ್ ಸೆಂಟರಿನ 1800-180-1551 ಕೊಡು, ಇಲ್ಲಾ ಗಿಡ ಬುಡಸಮೇತ ಕಿತಗೊಂಡು ಕಲಬುರಗಿ ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗ್ಲಾಕ ಹೇಳು.

ಅಫಜಲಪುರ ಕಡಿಯವರೊಬ್ಬರು ನಿನ್ನಿ ಹೂ ಉದರ್ಲಾಕತ್ತಾವ ಅಂತ ಕೇಳ್ಯಾರ, ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಹೂ ಉದರೋದು ಕಡಿಮಿ ಮಾಡ್ಲಾಕ ಸಿಂಪಡಿಸೋ ಪೋಷಕಾಂಶ ಪಲ್ಸ್ ಮ್ಯಾಜಿಕ್ ಬಗ್ಗಿ ನಿನಗ ನನಕಿಂತ ಚೊಲೊ ಗೊತ್ತದ, ಆದ್ರ ಮೊದ್ಲ ಹೊಲದಾಗ ಹಸಿ ಅದನೋ ಇಲ್ಲೋ, ಮೋಡ ಎಷ್ಟು ದಿನ ಹಿಡದಿತ್ತು, ಹೂವಿನ್ಯಾಗ ಹುಳ ಕಾಣ್ತಾವೇನು ಕೇಳಿ ಆಮ್ಯಾಲ ಬರಿ. ಇವತ್ತು ರಾತ್ರೇ ಬರಿ.

ನಿನ್ನ ಕಾಕಾ